ಮಿಸ್ತ್ರಿಯ ಪಗಾರ

ಹೋದ ವಾರ ಶಾಲೆಯ ಬೋರಿನ ಮೋಟಾರು ರಿಪೇರಿಗೆ ಬಂದವನು ಕೆಲಸ ಮುಗಿಸಿ, ಡೀಸೆಲ್ಲಿನಲ್ಲಿ ಕೈ ತೊಳೆದು, ಮೇಲೊಂದಿಷ್ಟು ಸೋಪಿನ ಪುಡಿ ಹಾಕಿ ಉಜ್ಜಿಕೊಂಡ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ. ಅದು ನಮ್ಮ ಗ್ಯಾರೇಜಿನಣ್ಣನ ವಾಸನೆ. ರಂಜಾನ್ ಊಟಕ್ಕೆ ಬಂದಾಗ ಅಬ್ಬಾ ತಮ್ಮ ಕೈಯಾರೆ ಅತ್ತರು ಹಚ್ಚಿದರೂ ಅದು ಅವನನ್ನು ಬಿಡುತ್ತಿರಲಿಲ್ಲ...

ಕೂಡ್ಲಿಗಿಯ ಹೆದ್ದಾರಿ ಪಕ್ಕದಲ್ಲಿ ಅಬ್ಬಾನ ಲಾರಿ ಗ್ಯಾರೇಜು. ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವವರು ಎಷ್ಟು ಜನರಾದರೂ ಇರಬಹುದು, ಎಂಜಿನ್ನಿಗೆ ಕೈ ಹಾಕುವವನು ಮಿಸ್ತ್ರಿ ಒಬ್ಬನೇ. ನಮ್ಮಲ್ಲಿ ಅಬ್ಬಾ ಮಿಸ್ತ್ರಿ, ನಾನು ಅಣ್ಣ ಎಂದು ಕರೆಯುತ್ತಿದ್ದ ಕೆಲಸದವನು ಅವರ ಎಡಗೈ ಬಲಗೈ ಎರಡೂ. ಕುರಿ ಕಾಯುವ ಮನೆತನದಿಂದ ಬಂದವನು. ಅವನನ್ನು ಕಂಡರೆ ಅಬ್ಬಾನಿಗೆ ಎಷ್ಟು ಪ್ರೀತಿಯೋ ಅಷ್ಟೇ ಬೈಗುಳ. ಅವನು ಎಲ್ಲದಕ್ಕೂ ನಗುತ್ತಿದ್ದ. ನಾನು ಚಹಾ ಒಯ್ದರೆ, "ಟೀಚರಮ್ಮ ಬಂದ್ರು, ಎಲ್ಲಾರೂ ನೆಟ್ಟಗ ನಿಂದರ್ರಿ" ಎಂದು ಛೇಡಿಸುತ್ತಿದ್ದ. ನಾನಿನ್ನೂ ಟೀಚರ್ ಆಗಿರಲಿಲ್ಲ, ಆಗುವ ಆಸೆಯಷ್ಟೇ ಇತ್ತು.

ಒಂದು ದಿನ ಜಾಕ್ ಜಾರಿ ಅಬ್ಬಾನ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದಾಗ ಅವರು ಮೊದಲು ಕರೆಸಿದ್ದು ಅಣ್ಣನನ್ನೇ.

"ನಾ ಏಳೋ ತನಕ ನೀನ ಮಿಸ್ತ್ರಿ. ಮಿಸ್ತ್ರಿ ಪಗಾರಾನ ತಗೊ, ಚೂರೂ ಕಮ್ಮಿ ಮಾಡಬ್ಯಾಡ" ಅಂದರು. ಅಮ್ಮಿಯೂ ನಾನೂ ಅಲ್ಲೇ ಇದ್ದೆವು.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯ ಒಲೆ ಉರಿದದ್ದು ಅವನ ಕೈಯಿಂದ. ಗ್ಯಾರೇಜಿನ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಶನಿವಾರ ಸಂಜೆ ವಾರದ ಗಳಿಕೆಯೆಲ್ಲ ತಂದು ಅಮ್ಮಿಯ ಮುಂದೆ ಇಡುತ್ತಿದ್ದ. ತಾನು ಮಾತ್ರ ಹಳೆಯ ಪಗಾರವನ್ನೇ ತೆಗೆದುಕೊಳ್ಳುತ್ತಿದ್ದ. ಅಮ್ಮಿ ಒತ್ತಾಯ ಮಾಡಿದರೆ, "ಈಗ ದವಾಖಾನಿ ಖರ್ಚು ಐತ್ರಿ. ಉಳಿದದ್ದು ಉಸ್ತಾದ್ ಎದ್ದ ಮ್ಯಾಲೆ ನೋಡೂಣು" ಅನ್ನುತ್ತಿದ್ದ. ನನ್ನ ಬಿ.ಇಡಿ. ಮೊದಲ ಕಂತಿನ ಫೀ ಹೋದದ್ದೂ ಅದೇ ದುಡ್ಡಿನಿಂದ.

ಅಬ್ಬಾ ಎದ್ದರು. ಕೋಲು ಊರಿಕೊಂಡು ಗ್ಯಾರೇಜಿಗೆ ಹೋದ ಮೊದಲ ದಿನವೇ ಒಬ್ಬ ಹಳೆಯ ಲಾರಿ ಡ್ರೈವರ್ ಬಂದು, ಅಬ್ಬಾನನ್ನು ದಾಟಿಕೊಂಡು ಹೋಗಿ, "ಮಿಸ್ತ್ರಿ, ಸ್ವಲ್ಪ ನೋಡ್ರಿ" ಅಂದನಂತೆ ಅಣ್ಣನಿಗೆ. ಅಷ್ಟೇ. ಅಬ್ಬಾನ ಮುಖ ಅವತ್ತಿನಿಂದ ಸಣ್ಣದಾಯಿತು. ತಮ್ಮ ಕೆಲಸ ತಾವಿಲ್ಲದೆಯೂ ನಡೆಯಿತು ಅನ್ನುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಅಣ್ಣ ಮತ್ತೆ ಪಾನಾ, ಸ್ಪ್ಯಾನರು ಎತ್ತಿ ಕೊಡುವ ಕೆಲಸಕ್ಕೆ ಇಳಿದ.

ತಿಂಗಳು ಕಾದು, ಒಂದು ಸಂಜೆ ಮನೆಗೆ ಬಂದು ತಲೆ ತಗ್ಗಿಸಿ ಕೇಳಿದ. "ಉಸ್ತಾದ್, ಆ ಪಗಾರದ್ದು... ಮನ್ಯಾಗ ಕೇಳಾಕತ್ಯಾರ."

ಅಬ್ಬಾ ಅವನ ಮುಖ ನೋಡದೆ ಹೇಳಿದರು. "ಕೆಲಸ ಕಲಿಸಿದ್ದು ಯಾರಲೇ? ಕಲಿಸಿದ್ದಕ್ಕ ನಾನ ನಿನ್ನ ಕಡಿಂದ ಪಗಾರ ಇಸ್ಕೋಬೇಕಿತ್ತು."

ಅಮ್ಮಿ ಒಳಗಿನಿಂದಲೇ ಏನೋ ಅಂದಳು, ಅಬ್ಬಾ ಗದರಿದರು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀವು ಮಾತು ಕೊಟ್ಟಿದ್ದು ನಾನು ಕೇಳಿಸಿಕೊಂಡಿದ್ದೇನೆ ಅಂತ ಒಂದು ಮಾತು ಹೇಳಬಹುದಿತ್ತು. ಆದರೆ ಎರಡನೇ ಕಂತಿನ ಫೀ ಕಟ್ಟುವುದಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ, ನಾನಂತೂ ಹೊಳೆ ನಡುವೆಯೇ ಅವನನ್ನು ಮರೆತೆ. ಅಣ್ಣ ಚಹಾ ಕುಡಿದು, ಕಪ್ಪು ತಾನೇ ತೊಳೆದಿಟ್ಟು ಹೋದ. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಹೆಂಡತಿಯ ಊರು ಹಿರೇಹಡಗಲಿ ಸೇರಿಕೊಂಡ. ಅಬ್ಬಾ ಮತ್ತೆ ಅವನ ಹೆಸರೆತ್ತಲಿಲ್ಲ. ಹಾಗೆಯೇ ತೀರಿಕೊಂಡರು...

ನಾನೀಗ ಹರಪನಹಳ್ಳಿ ಕಡೆಯ ಶಾಲೆಯೊಂದರಲ್ಲಿ ಪ್ರಭಾರ ಮುಖ್ಯಶಿಕ್ಷಕಿ. ಪ್ರಭಾರ ಭತ್ಯೆ ತಡವಾಯಿತೆಂದು ಕಳೆದ ತಿಂಗಳು ಕಚೇರಿಗೆ ಹೋಗಿ ಜಗಳವಾಡಿದೆ. "ದೊಡ್ಡ ಕೆಲಸ ಮಾಡ್ಸಿ ಸಣ್ಣ ಪಗಾರ ಕೊಡೋದು ಯಾವ ನ್ಯಾಯರೀ?" ಎಂದು ಮೇಜು ಗುದ್ದಿ ಕೇಳಿದವಳು ನಾನೇ. ಕೇಳಿದ್ದು ತಪ್ಪಲ್ಲ, ಭತ್ಯೆಯೂ ಬಂತು. ಆದರೆ ಅಷ್ಟು ಗಟ್ಟಿ ದನಿ ನನಗಿದೆ ಎಂದು ಅವತ್ತೇ ಗೊತ್ತಾದದ್ದು. ಆ ಬಾಗಿಲಲ್ಲಿ ನಿಂತಾಗ ಅದೆಲ್ಲಿ ಹೋಗಿತ್ತು?

ಡೀಸೆಲ್ ವಾಸನೆ ಬಂದ ಮೇಲಂತೂ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ದುಡ್ಡು ತೆಗೆದುಕೊಂಡು ಹಿರೇಹಡಗಲಿಗೆ ಹೋದೆ. ಮನೆ ಸಿಕ್ಕಿತು, ಅಣ್ಣ ಸಿಗಲಿಲ್ಲ. ಹೋದ ವರ್ಷವೇ ತೀರಿಕೊಂಡನಂತೆ. ಅವನ ಹೆಂಡತಿ, ನಾನು ಯಾರೆಂದು ಗೊತ್ತಾದ ಕೂಡಲೇ, ಕೈ ಹಿಡಿದು ಒಳಗೆ ಕರೆದೊಯ್ದಳು.

"ಸಾಬ್ರ ಮಗಳಾ? ಬಾರವ್ವ, ಕುಂದ್ರು. ನಿಮ್ಮಪ್ಪಾರನ್ನ ದಿನಾ ನೆನಸ್ತಿದ್ರು ಇವರು. ಮಾತು ಅಂದ್ರ ಮಾತು ನಿಮ್ಮಪ್ಪಾರದು. ಮಿಸ್ತ್ರಿ ಪಗಾರ ಪೂರಾ ಎಣಿಸಿ ಕೊಟ್ರಂತ. ಅದರಾಗ ನೋಡವ್ವ, ಈ ಮನಿ ಮ್ಯಾಲೆ ತಗಡು ಹಾಕಿಸಿದ್ವಿ. ಅದ ವರ್ಷ ಇವರ ಅಣ್ಣನ ಹಟ್ಟ್ಯಾಗಿದ್ದ ನಮ್ಮ ಪಾಲಿನ ಕುರಿ ಎಲ್ಲಾ ಬ್ಯಾನಿ ಬಿದ್ದು ಸತ್ತು ಹೋದ್ವು. ಆ ಪಗಾರ ಬರದಿದ್ರ ಬಯಲಾಗ ಇರತಿದ್ವಿ."

ನನಗೆ ತಿಳಿಯಿತು. ಕುರಿ ಸತ್ತಿರಲಿಲ್ಲ. ಅವನು ಮಾರಿದ್ದ. ಮಿಸ್ತ್ರಿಯಾದೆ, ಪಗಾರ ಬರುತ್ತದೆ ಎಂದು ಹೆಂಡತಿಗೆ ಹೇಳಿದ ಮಾತು ಉಳಿಸಿಕೊಳ್ಳಲು, ತನ್ನ ಕುರಿಯ ದುಡ್ಡನ್ನೇ ನಮ್ಮಪ್ಪ ಕೊಟ್ಟ ಪಗಾರ ಎಂದು ತಂದು ಕೊಟ್ಟಿದ್ದ.

ಬ್ಯಾಗಿಗೆ ಹಾಕಿದ ಕೈ ಅಲ್ಲೇ ನಿಂತಿತು. ಕೊಟ್ಟರೆ ಸತ್ತವನು ಸುಳ್ಳುಗಾರನಾಗುತ್ತಾನೆ. ಕೊಡದಿದ್ದರೆ ನಾವು ಕಳ್ಳರಾಗಿಯೇ ಉಳಿಯುತ್ತೇವೆ. ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಬ್ಬಾನನ್ನು ನೆನೆದು ಅಳುತ್ತಿದ್ದೇನೆ ಎಂದುಕೊಂಡು ಆಕೆ ನನ್ನ ಬೆನ್ನು ಸವರಿದಳು.

"ಅಳಬ್ಯಾಡವ್ವ. ಅಂಥ ಅಪ್ಪನ ಹೊಟ್ಟ್ಯಾಗ ಹುಟ್ಟಾಕ ಪುಣ್ಯ ಮಾಡಿರಬೇಕು."

ನಾನು "ಹೌದ್ರಿ" ಅಂದೆ.