ಎದುರುಮನೆಯ ಎಂಟು ಸ್ಟೇಷನ್

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗಿ ಎದ್ದು ಹೋಗಿದ್ದೇನೆ. ಕೆಲಸವೇನೂ ಇರುತ್ತಿರಲಿಲ್ಲ. ನಾಚಿಕೆ ಇರುತ್ತಿತ್ತು.

ನಾನು ಓದಿದ್ದು ಹೈಸ್ಕೂಲಿನವರೆಗೆ. ರೇಡಿಯೊ, ಟಿವಿ ರಿಪೇರಿ ಮಾಡಿಕೊಂಡಿದ್ದವನು, ವಯಸ್ಸಾದ ಮೇಲೆ ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯ ವೈಫೈ ನೋಡಿಕೊಳ್ಳತೊಡಗಿದೆ. ಇಡೀ ಬೀದಿಗೆ ನಮ್ಮ ಮಾಳಿಗೆಯ ಮೇಲಿನ ಪೆಟ್ಟಿಗೆಯೊಂದೇ. ಅದರೊಳಗಿನ ರೇಡಿಯೊವನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಬಂದು ಸೇರಿಕೊಂಡ ಪ್ರತಿ ಫೋನನ್ನೂ ಅದು ಸ್ಟೇಷನ್ ಎಂದು ಕರೆಯುತ್ತದೆ. ಒಟ್ಟಿಗೆ ಎಷ್ಟು ಸ್ಟೇಷನ್ ಇರಬಹುದು, ಸುಮ್ಮನಿರುವ ಸ್ಟೇಷನ್ನನ್ನು ಎಷ್ಟು ಹೊತ್ತಿಗೆ ಕೈಬಿಡಬೇಕು ಎಂಬ ಮಿತಿಗಳನ್ನು ನಾವೇ ಬರೆದುಕೊಡಬೇಕು. ಮೊದಲನೆಯದನ್ನು ಬಿಗಿ ಮಾಡಿದೆ, ವೇಗ ಚೆನ್ನಾಗಿದೆ ಎಂದು ಜನ ಹೊಗಳಲಿ ಅಂತ. ಎರಡನೆಯದನ್ನು ವಿಪರೀತ ಸಡಿಲ ಬಿಟ್ಟೆ, ಮೂಲೆಮನೆಯ ಫೋನುಗಳು ಕಳಚಿಕೊಳ್ಳದಿರಲಿ ಅಂತ. ಎರಡೂ ಸೇರಿದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ.

ಬೇಸಿಗೆಯಲ್ಲಿ ಬೀದಿಯವರ ಫೋನುಗಳು ಸೇರಿಕೊಳ್ಳದಾದವು. ಪಟ್ಟಿ ತೆರೆದರೆ ತುಂಬಿಹೋಗಿತ್ತು. ಅದರಲ್ಲಿ ಎಂಟು, ಎದುರುಮನೆಯ ಹೆಂಗಸಿನ ಫೋನಿನ ಹೆಸರಿನಲ್ಲೇ ಇದ್ದವು. ಗಂಡ ಸತ್ತ ಮೇಲೆ ಆಕೆ ಮನೆಯಲ್ಲೇ ಮಗ್ಗ ಹಾಕಿಕೊಂಡು, ಸೀರೆ ಯಜಮಾನರು ನಂಬಿ ಕೊಡುವ ರೇಷ್ಮೆ, ಜರಿಯಲ್ಲಿ ನೇಯುತ್ತಿದ್ದಳು. ಅಜ್ಜೀಪುರದಿಂದ ಬಂದುಹೋಗುವ ತವರಿನವರಿಗೆಲ್ಲ ಪಾಸ್‌ವರ್ಡ್ ಹಂಚಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ.

ಹಾಲು ತೆಗೆದುಕೊಂಡು ಟೀ ಅಂಗಡಿ ದಾಟುತ್ತಿದ್ದವಳಿಗೆ ಜನರೆದುರೇ ಕೂಗಿ ಹೇಳಿದೆ: “ನಿನ್ನೆಸ್ರಲ್ಲಿ ಎಂಟ್ ಸ್ಟೇಷನ್ ಔವೆ ಕಣಮ್ಮಿ. ಮೊದ್ಲು ಅವ್ನೆಲ್ಲ ಕ್ಲಿಯರ್ ಮಾಡ್ಕೊ.”

ಆಕೆಗೆ ಅರ್ಥವಾಗಲಿಲ್ಲ. ಬೆಂಚಿನ ಮೇಲಿದ್ದ ಗೆಳೆಯನೊಬ್ಬ ನನ್ನ ಕಡೆ ತಿರುಗಿದ. “ಎಂಟಾ? ನಂಗೆ ಕೊಳ್ಳೇಗಾಲದ್ದು, ಅನೂರ್ದು, ಯಳಂದೂರ್ದು, ಮೂರೇ ಸ್ಟೇಷನ್ ಗೊತ್ತಿರೋದು ಕಣ್ಲಾ. ಮಿಕ್ಕೈದು ಎಲ್ಲಿ ಔವೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ಕಡೆ ಸ್ಟೇಷನ್ ಎಂದರೆ ಪೊಲೀಸ್ ಸ್ಟೇಷನ್ನೇ. ಮಾತು ಬೀದಿ ದಾಟುವಷ್ಟರಲ್ಲಿ ಅದು ಆಕೆಯ ಮೇಲಿನ ಕೇಸುಗಳಾಗಿತ್ತು. ಜರಿ ಕದ್ದದ್ದಂತೆ ಎಂದೂ ಯಾರೋ ಸೇರಿಸಿದರು. ಮಗ್ಗದ ಮೇಲಿರುವ ಸೀರೆ ಮುಗಿಸಿ ಕೊಡಲಿ, ಇನ್ನು ಹೊಸ ಸೀರೆಗೆ ಹಾಸುನೂಲು ಕೊಡುವುದಿಲ್ಲ ಎಂದು ಯಜಮಾನರು ಹೇಳಿಕಳಿಸಿದರು.

ಅದನ್ನು ಕೇಳಿದ ಮಧ್ಯಾಹ್ನ ಮಾಳಿಗೆ ಹತ್ತಿದೆ. ಡ್ರೈವರು ಮಾಡುವುದನ್ನೆಲ್ಲ ಸಾಲುಸಾಲಾಗಿ ತೋರಿಸುವಂತೆ ಮಾಡಿ ಕಾದು ಕುಳಿತೆ. ಎದುರುಮನೆಯಲ್ಲಿ ಮಗ್ಗದ ಸದ್ದಿತ್ತು. ಆಕೆಯ ಫೋನು ಒಮ್ಮೆ ಬಿಟ್ಟು ಮತ್ತೆ ಸೇರಿತು. ಸೇರಿದ್ದು ಬೇರೆ ನಂಬರಿನಲ್ಲಿ; ಕರೆ ಮಾಡುವ ನಂಬರಲ್ಲ, ಫೋನು ಪೆಟ್ಟಿಗೆಗೆ ತನ್ನ ಗುರುತೆಂದು ಹೇಳುವ ನಂಬರು. ಸ್ವಲ್ಪ ಹೊತ್ತಿಗೆ ಮತ್ತೆ ಬಿಟ್ಟು, ಮತ್ತೊಂದು ನಂಬರಿನಲ್ಲಿ ಸೇರಿತು. ಯಾರಿಗೂ ಗುರುತು ಸಿಗದಿರಲೆಂದು ಪ್ರತಿ ಸಲವೂ ಹೊಸ ನಂಬರು ಹೇಳಿಕೊಳ್ಳುವ ಫೋನದು. ಹಳೆಯ ನಂಬರುಗಳು ಬೇಗ ಅಳಿಯದಂತೆ ಮಾಡಿದ್ದವನು ನಾನು. ಎಂಟೂ ಒಂದೇ ಫೋನು.

ಮಿತಿಗಳನ್ನು ಸರಿಪಡಿಸಿದೆ. ಲೈನು ಕಂಪನಿಯ ಕಡೆಯಿಂದಲೇ ಕೆಟ್ಟಿತ್ತು, ಈಗ ಸರಿಹೋಯಿತು ಎಂದು ಬೀದಿಯವರಿಗೆ ಹೇಳಿದೆ.

ಮಾರನೆಯ ಬೆಳಿಗ್ಗೆ ಆಕೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಪೇಟೆಯಲ್ಲಿ ಯಾರನ್ನೋ ಕೇಳಿ ಸ್ಟೇಷನ್ ಎಂದರೇನೆಂದು ತಿಳಿದುಕೊಂಡಿದ್ದಳು.

“ಸ್ಟೇಷನ್ ಅಂದ್ರೆ ಬರೀ ಫೋನು ಅಂತ ಯಜಮಾನ್ರಿಗೆ ಒಂದ್ಮಾತು ಯೋಳ್ಬುಡಿ ಸಾ. ನಾ ಯೋಳುದ್ರೆ ನಂಬಕಿಲ್ಲ, ನೀವ್ ಯೋಳುದ್ರೆ ನಂಬ್ತಾರೆ.”

“ಯೋಳ್ತೀನಿ, ಓಗು” ಎಂದೆ.

ಯಜಮಾನರ ಮನೆ ಪಕ್ಕದ ಬೀದಿಯಲ್ಲೇ ಇದೆ. ಹೋದರೆ ಎಂಟು ಹೇಗೆ ಬಂತು ಎಂದು ಕೇಳುತ್ತಾರೆ, ನನ್ನ ತಪ್ಪು ಬಾಯಿ ಬಿಡಬೇಕಾಗುತ್ತದೆ. ಹೋಗಲಿಲ್ಲ. ಸೀರೆ ಮುಗಿಯಿತು. ಮಗ್ಗ ಬಿಚ್ಚಿದರು. ಆಕೆ ಅಜ್ಜೀಪುರಕ್ಕೆ ಹೋದಳು. ಈಗ ಕಂಡವರ ಹೊಲದಲ್ಲಿ ಅರಿಶಿನ ಕೀಳಲು ಹೋಗುತ್ತಾಳಂತೆ.

ಇಷ್ಟು ಹೊತ್ತೂ ಎದುರುಮನೆಯ ಹೆಂಗಸು ಎಂದೇ ಬರೆದೆ. ಅದೂ ತಪ್ಪಿಸಿಕೊಳ್ಳುವುದೇ. ಅಲ್ಲಿಯವರೆಗೆ ಭಾವ ಎನ್ನುತ್ತಿದ್ದವಳು ಅಂದು ಬಾಗಿಲಲ್ಲಿ ನಿಂತು ಸಾ ಎಂದಳು. ನಾನು ಇವತ್ತಿಗೂ ಕ್ಷಮೆ ಕೇಳದೆ ಉಳಿದಿರುವುದು ತೀರಿಹೋದ ನನ್ನ ತಮ್ಮನ ಹೆಂಡತಿಯನ್ನು.