ಧೂಪದೆಣ್ಣೆಯ ಪುಟ್ಟಮಲ್ಲಮ್ಮ

“ಅವ್ವಾ, ಮಲ್ಲತ್ತೆ ತಲೆ ಯಾಕೆ ಗುಡಿ ಥರ ವಾಸ್ನೆ ಬತ್ತದೆ?”

ನಾಲ್ಕು ವರ್ಷದ ಚೆಲುವಿ ಇದನ್ನು ಕೇಳಬಾರದ ಹೊತ್ತಿನಲ್ಲಿ, ಕೇಳಬಾರದಷ್ಟು ಗಟ್ಟಿಯಾಗಿ ಕೇಳಿಬಿಟ್ಟಳು. ರುಕ್ಮಿಣಮ್ಮ ಮಗಳ ಬಾಯಿಯ ಮೇಲೆ ಕೈಯಿಟ್ಟಳು. ಹುಣಸೂರಿನ ಹೊಗೆಸೊಪ್ಪಿನ ಶೆಡ್ಡದು. ಸೊಪ್ಪು ವಿಂಗಡಿಸುತ್ತ ಕೂತ ಹೆಂಗಸರ ಸಾಲಿನ ಆ ತುದಿಯಿಂದ ಮೇಸ್ತ್ರಿ ಜವರಯ್ಯ ಒಬ್ಬೊಬ್ಬರ ಹತ್ತಿರ ಬಗ್ಗಿ ಮೂಸುತ್ತ ಬರುತ್ತಿದ್ದ.

ಹದವಾದ ಹೊಗೆಸೊಪ್ಪು ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹಿಂದಿನ ದಿನ ಕೊಳ್ಳುವವರು ಬಿಗಿದು ಕಟ್ಟಿದ ಸೊಪ್ಪಿನ ಒಂದು ಬೇಲು ಬಿಚ್ಚಿ, ಇದೇನು ಸೊಪ್ಪೋ ಪೂಜೆ ಸಾಮಾನೋ ಎಂದು ವಾಪಸು ಕಳಿಸಿದ್ದರು. ಆ ವಾಸನೆ ಯಾರದ್ದೋ ಅವರಿಗೆ ಇನ್ನು ಕೆಲಸವಿಲ್ಲ ಎಂದು ಮೇಸ್ತ್ರಿ ಬೆಳಗ್ಗೆಯೇ ಸಾರಿದ್ದ.

“ಏನ್ ಮೇಸ್ತ್ರಿಗಳೇ, ಕೋಣ ಎಮ್ಮೆ ಮೂಸ್ದಂಗೆ ಮೂಸ್ತಾ ಇದ್ದೀರಲ್ಲ, ಮನೇಲಿ ಹೇಳಿ ಬಂದಿದ್ದೀರಾ?” ಎಂದಳು ಸಾಕಮ್ಮ.

“ಬಾಯ್ ಮುಚ್ಚಮ್ಮಿ. ನಿನ್ ತಾವ ಬರೀ ಬೆಳ್ಳುಳ್ಳಿ.”

ಸಾಲೆಲ್ಲ ನಕ್ಕಿತು. ರುಕ್ಮಿಣಮ್ಮನ ಪಕ್ಕ ಕೂತಿದ್ದ ಪುಟ್ಟಮಲ್ಲಮ್ಮ, ಚೆಲುವಿಯ ಮಲ್ಲತ್ತೆ, ನಗಲಿಲ್ಲ.

ಅವಳು ಕಾಡಂಚಿನ ಎನ್. ಬೇಗೂರಿನ ಕಡೆಯವಳು. ಕಾಡಿನ ಹಾಲುಮಡ್ಡಿ ಮರದ ಅಂಟನ್ನು ಸಾಂಬ್ರಾಣಿಯ ಜೊತೆ ಕುಟ್ಟಿ, ಎಳ್ಳೆಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ ಧೂಪದೆಣ್ಣೆ ಮಾಡುವುದನ್ನು ತವರಿನಲ್ಲಿ ಕಲಿತಿದ್ದಳು. ಗಂಡ ಲಿಂಗಣ್ಣ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಈ ಶೆಡ್ಡಿನ ಕೂಲಿಯಿಂದಲೇ. ಆದರೆ ಸೊಪ್ಪಿನ ನಾತ ಎಷ್ಟು ತೊಳೆದರೂ ಅಂಗೈ ಬಿಡದು. ಆ ಕೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂರಲು ಅವಳ ಮನಸ್ಸು ಒಪ್ಪದು. ಅದಕ್ಕೇ ದಿನಾ ಬೆಳಗ್ಗೆ ಅಂಗೈಗೆ ಒಂದಿಷ್ಟು ಧೂಪದೆಣ್ಣೆ. ಪೂಜೆ ಮುಗಿದ ಮೇಲೆ ಉಳಿದ ಜಿಡ್ಡನ್ನು ತುರುಬಿಗೆ ಒರೆಸಿಕೊಂಡು ಕೆಲಸಕ್ಕೆ. ಹಚ್ಚಿದಾಗ ಅದರ ವಾಸನೆ ಕಣ್ಣಿಗೆ ಹೊಗೆ ಹೊಡೆದ ಹಾಗೆ. ಮೈ ಬೆವರಿದಾಗ ಜೇನುಮೇಣ ಕರಗಿದ ಹಾಗೆ. ಸಂಜೆಗೆ, ದೇವರ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ.

ಬೇಲಿನ ಸುದ್ದಿ ಕೇಳಿದ ಸಂಜೆಯೇ ಸೀಗೇಕಾಯಿ, ಬೂದಿ ಹಾಕಿ ಕೈ, ತಲೆ ತಿಕ್ಕಿದ್ದಳು; ಬೆಳಗ್ಗೆ ಎಣ್ಣೆ ಮುಟ್ಟಿರಲಿಲ್ಲ. ಕೈಯೇನೋ ವಾಸನೆ ಬಿಟ್ಟುಕೊಟ್ಟಿತ್ತು. ತುರುಬೂ ಬೆಳಗ್ಗಿನ ತಂಪಿನಲ್ಲಿ ಸುಮ್ಮನಿತ್ತು. ಈಗ ತಗಡಿನ ಸೂರು ಕಾದಿತ್ತು. ಮೆಲ್ಲಗೆ ಏಳುತ್ತಿದ್ದ ವಾಸನೆ ಪಕ್ಕದಲ್ಲಿ ಕೂತ ರುಕ್ಮಿಣಮ್ಮನ ಮೂಗಿಗೂ ಬಡಿಯುತ್ತಿತ್ತು.

ಜವರಯ್ಯ ಬಂದು ಇಬ್ಬರ ನಡುವೆ ನಿಂತ. “ಮಗ ಏನೋ ಅಂತಲ್ಲ, ಗುಡಿ ವಾಸ್ನೆ ಅಂತ. ಆ ತುದಿಗೆ ಅಷ್ಟೇ ಕೇಳ್ಸಿದ್ದು. ನಿಮ್ಮಿಬ್ರಲ್ಲಿ ಯಾರಮ್ಮ?”

ರುಕ್ಮಿಣಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ನಿಜ ಹೇಳಿದರೆ ಮಲ್ಲಕ್ಕ ಹೊರಗೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇಬ್ಬರೂ ಹೊರಗೆ. “ಮನೇಲಿ ಮಗೀಗೆ ಧೂಪ...” ಎಂದು ತೊದಲುವಷ್ಟರಲ್ಲಿ ಪುಟ್ಟಮಲ್ಲಮ್ಮ ಎದ್ದು ನಿಂತಳು.

“ನಾನು ಕಣಪ್ಪ. ತಲೆ ಎಣ್ಣೆ. ತಿಕ್ಕಿ ತೊಳ್ದೆ, ಓಗ್ನಿಲ್ಲ. ಬಟ್ಟೆ ಬಿಗಿದು ಕಟ್ಕೊಂಡು ಬತ್ತೀನಿ.”

“ಬಟ್ಟೆಗೂ ಅತ್ತದಲ್ಲಮ್ಮ ಅದು.” ಜವರಯ್ಯ ಕೆಟ್ಟವನಲ್ಲ, ಅವನನ್ನು ಕೇಳುವವರೂ ಮೇಲಿದ್ದರು. “ಇವತ್ತು ಮನೆಗೋಗು. ನಾಳೆ ಬೆಳಗ್ಗೆ ಬಾ. ವಾಸ್ನೆ ಇದ್ರೆ ಬಾಗ್ಲಿಂದ್ಲೇ ವಾಪಸ್ಸು. ಆಮೇಲೆ ನನ್ನ ಬೈಬ್ಯಾಡ.”

ಸಂಜೆ ರುಕ್ಮಿಣಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಾಗ ಪುಟ್ಟಮಲ್ಲಮ್ಮ ಜಗಲಿಯ ಮೇಲೆ ಕೂದಲು ಹರಡಿಕೊಂಡು ಕೂತಿದ್ದಳು. ಮತ್ತೆ ತೊಳೆದಿದ್ದಳು. ಸೊಂಟ ದಾಟಿದ ಆ ಒದ್ದೆ ಕೂದಲಿನ ಹತ್ತಿರ ಹೋಗುತ್ತಿದ್ದಂತೆ ರುಕ್ಮಿಣಮ್ಮನ ಮೂಗಿಗೆ ಅದೇ ಗುಡಿಯ ವಾಸನೆ ಬಡಿಯಿತು.

“ತಪ್ಪಾಯ್ತು ಕಣಕ್ಕಾ, ಈ ಮುಂಡೇದು...”

“ಮಗೀನ ಯಾಕ್ ಬೈತೀಯ? ಇದ್ದದ್ದು ಏಳ್ತು, ಬುಡು. ರವಿಕೆ ಒಲಿಯೋ ಕತ್ರಿ ಅದಲ್ಲ ನಿನ್ ತಾವ?”

ರುಕ್ಮಿಣಮ್ಮನಿಗೆ ಅರ್ಥವಾಯಿತು. “ಅಯ್ಯೋ, ಮುತ್ತೈದೆ ಕಣಕ್ಕಾ ನೀನು! ಲಿಂಗಣ್ಣನೋರು ಏನಂತಾರೆ?”

“ಕೇಳಿದ್ರೆ ಬ್ಯಾಡ ಅಂತಾರೆ. ಅದ್ಕೇ ಕೇಳ್ನಿಲ್ಲ.” ಪುಟ್ಟಮಲ್ಲಮ್ಮ ಬೆನ್ನು ತಿರುಗಿಸಿ ಕೂತಳು. “ಇಂದ್ಗಡೆ ನನ್ ಕೈಗೆ ಎಟುಕಾಕಿಲ್ಲ. ಕತ್ಲಾಗಕ್ ಮುಂಚೆ ಕತ್ರಿ ತಕ್ಕೊಂಡ್ ಬಾರವ್ವ, ಬುಡದತ್ರಕ್ಕೇ ಕತ್ತರ್ಸಿಬುಡು.”