ಜಾಗ ಹೇಳದೆ ಬರೆದ ಹೋಟೆಲು

ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಒಂದು ಜಾಲತಾಣಕ್ಕೆ ಲೇಖನ ಬರೆಯತೊಡಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನ ವಿಷಯಗಳು ನನ್ನ ಪಾಲಿಗೆ. ಸಂಪಾದಕಿ ಮಂಗಳೂರಿನಲ್ಲಿ ಕೂತವಳು, ನನಗಿಂತ ಚಿಕ್ಕವಳು, ಫೋನಿನಲ್ಲಿ ಮಾತ್ರ ಪರಿಚಯ. ಒಮ್ಮೆ ಅವಳು, "ಅಕ್ಕಾ, ಈ ಸಲ ತಿಂಡಿಯ ಬಗ್ಗೆ ಬರೆಯುವ, ಜನ ಓದ್ತಾರೆ" ಅಂದಳು. ನನಗೆ ಕೂಡಲೇ ನೆನಪಾದದ್ದು ಬಸ್ಸಿನ ದಾರಿಯಲ್ಲಿರುವ ಒಂದು ಸಣ್ಣ ಹೋಟೆಲು.

ಗಂಡ ಹೆಂಡತಿ ಇಬ್ಬರೇ ನಡೆಸುವ ಹೋಟೆಲು ಅದು. ಅಲ್ಲಿಯ ಸಜ್ಜಿಗೆ ಬಜಿಲ್ ತಿನ್ನಲೆಂದೇ ಬೆಳಿಗ್ಗೆ ಹಾಲಿನ ಸೊಸೈಟಿಗೆ ಬಂದವರು, ರಿಕ್ಷಾದವರು, ರಬ್ಬರ್ ಟ್ಯಾಪಿಂಗ್ ಮುಗಿಸಿದವರು ಒಳಗೆ ಹೊಗುತ್ತಾರೆ. ಬಿಸಿ ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ, ಅಷ್ಟೇ. ಆದರೆ ಅವಲಕ್ಕಿಗೆ ಬೆಲ್ಲ, ತೆಂಗಿನತುರಿ, ಒಗ್ಗರಣೆ ಬೀಳುವುದು ಗಿರಾಕಿ ಬಂದು ಕೂತ ಮೇಲೆ. ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತದೆ.

ನಾನು ಹಲವು ಬೆಳಿಗ್ಗೆ ಹೋಗಿ ಕೂತೆ. "ಕುಲ್ಲುಲೆ, ಕುಲ್ಲುಲೆ" ಎಂದು ಗಂಡ ಬೆಂಚು ತೋರಿಸುತ್ತಿದ್ದರು. ಬರೆಯಲಿಕ್ಕೆ ಬಂದವಳು ಎಂದು ಹೇಳಿಯೇ ಫೋನಿನಲ್ಲಿ ಮಾತು ರೆಕಾರ್ಡ್ ಮಾಡುತ್ತಿದ್ದೆ. ಮಾತೆಲ್ಲ ತುಳುವಿನಲ್ಲಿ. ಗಂಡ ನಿಧಾನವಾಗಿ, ಇಷ್ಟಿಷ್ಟೇ ಮಾತಾಡುವವರು. ಹೆಂಡತಿ ಒಳಗಿನಿಂದಲೇ ಉತ್ತರ ಸೇರಿಸುವವರು. ಮನೆಗೆ ಬಂದು ಅದನ್ನು ಕನ್ನಡಕ್ಕೆ ತರುವಾಗ ಅರ್ಧದಷ್ಟು ಜೀವ ಹೋಗುತ್ತಿತ್ತು. ಮತ್ತೆ ಕೇಳುತ್ತಿದ್ದೆ, ಮತ್ತೆ ಬರೆಯುತ್ತಿದ್ದೆ. ಮೊದಲ ಪ್ರತಿಯಲ್ಲಿದ್ದ "ಬಾಯಲ್ಲಿ ನೀರೂರಿಸುವ" ಎಂಬುದನ್ನು ಹೊಡೆದು ಹಾಕಿದೆ. "ಹಸಿರು ಸಿರಿಯ ನಡುವೆ" ಕೂಡ ಹೋಯಿತು. ಪಾತ್ರೆ ತೊಳೆಯುತ್ತಾ ವಾಕ್ಯಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ನನ್ನ ಅಭ್ಯಾಸ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ ಎಂದು ಲೆಕ್ಕ.

ಲೇಖನ ಮುಗಿದ ಮೇಲೆ ಯಾರ ಬಗ್ಗೆ ಬರೆದೆನೋ ಅವರಿಗೆ ಓದಿ ಹೇಳಿಯೇ ಕಳಿಸುವುದು. ತಿಂಡಿಯ ಹೊತ್ತು ದಾಟಿ ಬೆಂಚುಗಳು ಖಾಲಿಯಾದಾಗ ಹೋಗಿ ಓದಿದೆ. ಗಂಡ ಮೇಜು ಒರೆಸುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದರು.

"ಲಾಯ್ಕುಂಟು. ಇದನ್ನು ಯಾರೆಲ್ಲ ಓದ್ತಾರೆ?"

"ಯಾರು ಬೇಕಾದರೂ ಓದಬಹುದು ಅಣ್ಣ. ದಾರಿ ಗೊತ್ತಾಗಲಿ ಎಂದು ಮ್ಯಾಪ್ ಸಹ ಹಾಕ್ತಾರೆ."

ಅವರು ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಎದುರಿನ ಬೆಂಚಿನಲ್ಲಿ ಕೂತರು. ಆಮೇಲೆ ಬೆಳ್ತಂಗಡಿ ಕಡೆ ಹೋಟೆಲಿಟ್ಟಿರುವ ತಮ್ಮ ಭಾವನ ವಿಷಯ ಹೇಳಿದರು. ಯಾರೋ ಅಲ್ಲಿಯ ವಿಡಿಯೊ ಹಾಕಿದರಂತೆ. ಭಾನುವಾರ ಬಂತೆಂದರೆ ರಸ್ತೆಯ ತುಂಬಾ ಕಾರು. ದಿನಾ ಬರುವವರಿಗೆ ಕೂರಲು ಜಾಗವಿಲ್ಲ. ಕೆಲಸಕ್ಕೆ ಜನ ಸೇರಿಸಿದರು, ಎಲ್ಲವನ್ನೂ ಮೊದಲೇ ಮಾಡಿಡತೊಡಗಿದರು. ಕೆಲವು ತಿಂಗಳಲ್ಲಿ ಕಾರಿನವರು ಬೇರೆ ಕಡೆ ಹೋದರು. ಹಳಬರೂ ತಿರುಗಿ ಬರಲಿಲ್ಲ.

"ಬರೆಯಬೇಡಿ ಅಂತ ಹೇಳುವುದಿಲ್ಲ. ಹೆಸರು, ಜಾಗ ಬೇಡ" ಅಂದರು.

ಒಳಗಿನಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದರು. "ಬರಲಿ ಮಾರಾಯ್ರೆ! ನಾಲ್ಕು ಜನ ಹೆಚ್ಚು ಬಂದರೆ ನಮಗೆಂಥ ನಷ್ಟ? ಸೋರುವ ಮಾಡಿನ ಶೀಟು ಬದಲಿಸಲಿಕ್ಕಿಲ್ವಾ?"

ಇಬ್ಬರೂ ನನ್ನ ಮುಖ ನೋಡಿದರು. "ನೀವಿಬ್ಬರೂ ಮಾತಾಡಿ ಹೇಳಿ, ಅಲ್ಲಿಯವರೆಗೆ ಕಳಿಸುವುದಿಲ್ಲ" ಎಂದು ಬಸ್ಸು ಹತ್ತಿದೆ.

ಆ ವಾರ ಸಂಪಾದಕಿಗೆ ಬೇರೊಂದು ಲೇಖನ ಕೊಟ್ಟೆ. ಕೊನೆಗೆ ಹೆಂಡತಿಯ ಫೋನು ಬಂತು. "ಅವರು ಹೇಳಿದ್ದೇ ಆಗಲಿ, ಹೆಸರು ಬೇಡ. ಇಲ್ಲಿ ನೂಕುನುಗ್ಗಲಾದರೆ ಕಲಸುವವಳು ನಾನೇ ಅಲ್ವಾ?" ಎಂದವರೇ, "ಆದರೆ ಒಂದು. ನೀವು 'ಅವರ ಕೈರುಚಿ' ಅಂತ ಬರೆದಿದ್ದೀರಿ. ಅವರು ಚಾ ಮಾಡುವುದು. ಬಜಿಲ್ ಕಲಸುವುದು ನಾನು. ಅದನ್ನು ಹಾಕಿ" ಅಂದರು.

ಸಂಪಾದಕಿಗೆ ಸಮಾಧಾನವಾಗಲಿಲ್ಲ. "ಜಾಗ ಇಲ್ಲದೆ ಹೇಗೆ ಅಕ್ಕಾ? ಓದಿದವರು ಮೊದಲು ಕೇಳುವುದೇ ಅದು."

"ಕೇಳಲಿ. ಅವರಿಗೆ ಮಾತು ಕೊಟ್ಟಾಗಿದೆ."

"ಹಾಗಾದರೆ 'ಈ ಹೋಟೆಲ್ ಎಲ್ಲಿದೆ ಗೊತ್ತಾ?' ಅಂತ ಹೆಡ್ಡಿಂಗ್ ಕೊಡುವ."

ಅದೂ ಬೇಡವೆಂದೆ. ಅವಳು ನಕ್ಕಳು, ಬೈದಳು, ಕೊನೆಗೆ ನನ್ನ ಜೊತೆ ಕೂತೇಬಿಟ್ಟಳು, ಫೋನಿನಲ್ಲೇ. ಲೇಖನ ರಸ್ತೆಯ ತಿರುವಿನಿಂದ ಆರಂಭವಾಗುತ್ತಿತ್ತು. ಅದನ್ನು ಕಿತ್ತು, ಬಾಣಲೆಯಲ್ಲಿ ಸಾಸಿವೆ ಸಿಡಿಯುವಲ್ಲಿಂದ ಶುರುಮಾಡಿದೆವು. ಹೆಂಡತಿಯ ಮಾತುಗಳಿಗಾಗಿ ಹಳೆಯ ರೆಕಾರ್ಡಿಂಗ್ ಪುನಃ ಕೇಳಿದೆ. ಒಳಗಿನಿಂದ ಬರುತ್ತಿದ್ದ ಆ ದನಿಯಲ್ಲಿ ನಾನು ಬಳಸದೆ ಬಿಟ್ಟದ್ದು ಎಷ್ಟೋ ಇತ್ತು. ಅವಲಕ್ಕಿಯನ್ನು ಹಿಸುಕಬಾರದು, ತಲೆಗೆ ಎಣ್ಣೆ ಹಚ್ಚಿದ ಹಾಗೆ ಬೆರಳಲ್ಲಿ ಉಜ್ಜಬೇಕು ಎಂದಿದ್ದರು. ಲೇಖನ ಅವರ ಸುತ್ತ ತಿರುಗಿಕೊಂಡಿತು. ಹೋಟೆಲಿನ ಬೋರ್ಡಿನ ಫೋಟೊ ಬಿಟ್ಟು ಅವಲಕ್ಕಿ ಕಲಸುವ ಕೈಯ ಫೋಟೊ ಹಾಕಿದೆವು.

ಪ್ರಕಟವಾದ ದಿನ ಕಮೆಂಟುಗಳು ಸಾಲಾಗಿ ಬಂದವು. ಜಾಗ ಹೇಳದ್ದಕ್ಕೆ ಬೈದವರು ಕೆಲವರು. ಉಳಿದವರು ತಾವೇ ಪತ್ತೆ ಹಚ್ಚಿದೆವೆಂದುಕೊಂಡರು. ಒಬ್ಬರು ಉಜಿರೆಯ ಹಾಸ್ಟೆಲುಗಳ ಹಿಂದೆ ಎಂದರು, ಇನ್ನೊಬ್ಬರು ತೋಡಾರು ಎಂದರು. ನೆರಿಯದವರೊಬ್ಬರು, "ಇದು ನಮ್ಮೂರಿನದೇ, ಆ ಕೈ ನಮಗೆ ಗೊತ್ತಿಲ್ಲವೇ?" ಎಂದು ಬರೆದರು. ಸಂಪಾದಕಿ, "ಎಲ್ಲರ ಊರಿನಲ್ಲೂ ಒಂದುಂಟು ಅಕ್ಕಾ" ಎಂದು ಸಂದೇಶ ಕಳಿಸಿದಳು. ಖುಷಿಯಲ್ಲಿದ್ದಾಳೆಂದು ತಿಳಿಯಿತು.

ಇದನ್ನೆಲ್ಲ ಆ ದಂಪತಿಗೆ ಓದಿ ಹೇಳಿದೆ. ಗಂಡ ನಕ್ಕು ಚಾ ಮಾಡಲು ಎದ್ದರು. ಹೆಂಡತಿ ಮಾತ್ರ ನೆರಿಯದ ಕಮೆಂಟನ್ನು ಇನ್ನೊಮ್ಮೆ ಓದಿಸಿದರು.

"ಅಲ್ಲಿಯೂ ಒಬ್ಬಳು ಹೀಗೇ ಕಲಸುತ್ತಾಳೆ ಅಂತಾಯಿತು. ಒಂದು ದಿನ ಹೋಗಿ ನೋಡುವ."

ಹೋಟೆಲಿಗೆ ರಜೆ ಇದ್ದ ಒಂದು ದಿನ ನಾವು ಮೂವರೂ ಬಸ್ಸು ಬದಲಿಸುತ್ತಾ ನೆರಿಯಕ್ಕೆ ಹೋದೆವು. ಹೋಟೆಲು ನಿಜವಾಗಿಯೂ ಇತ್ತು. ನಾವು ಯಾರೆಂದು ಹೇಳಲಿಲ್ಲ, ನಾನು ಫೋನು ಹೊರಗೆ ತೆಗೆಯಲಿಲ್ಲ. ಹೆಂಡತಿ ತಟ್ಟೆ ಮುಂದೆ ಬಂದ ಕೂಡಲೇ ಚಿಟಿಕೆ ಅವಲಕ್ಕಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಅಗಿದರು.

"ಬೆಲ್ಲ ಸ್ವಲ್ಪ ಜಾಸ್ತಿ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಒಳಗೆ ಇಣುಕಿ, "ಅಕ್ಕಾ, ಇನ್ನೊಂದು ಪ್ಲೇಟು" ಎಂದು ಕೂಗಿದರು.